ಡಾಸ್ ಬಿಲ್ಲು ಯುಎಸ್‌ಬಿ ಪ್ರಿಂಟರಿಗೆ ಯಾಕೆ ತಲುಪುವುದಿಲ್ಲ?

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಅಡಿಕೆ ಅಂಗಡಿಗಳಲ್ಲಿ ವಿಂಡೋಸಿಗಿಂತ ಹಿಂದಿನ, ಕಪ್ಪು ಪರದೆಯ ಡಾಸ್ ಪ್ರೋಗ್ರಾಮಿನಲ್ಲೇ ಬಿಲ್ಲು ಮಾಡುವವರು ಇನ್ನೂ ಇದ್ದಾರೆ. ಎಂದೋ ಯಾರೋ ಫಾಕ್ಸ್‌ಪ್ರೊ ಎಂಬ ಹಳೆ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದುಕೊಟ್ಟದ್ದು. ಚಾಲಿ, ಪಟೋರ, ಕೋಕ, ಕರಿಗೋಟು ಎಂದು ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ಲೆಕ್ಕ ಇಡುತ್ತದೆ. ಮೌಸ್ ಮುಟ್ಟದೆ ಕೆಲಸ ಮುಗಿಯುತ್ತದೆ. ಹಳತಾಯಿತು, ಬಿಸಾಡಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸರಿಯಾಗಿ ಕೂಡಿಸಿ ಕಳೆಯುವ ಪ್ರೋಗ್ರಾಮನ್ನು ಯಾಕೆ ಬಿಸಾಡಬೇಕು?

ತೊಂದರೆ ಬರುವುದು ಹಳೆ ಡಾಟ್ ಮ್ಯಾಟ್ರಿಕ್ಸ್ (ಸೂಜಿಗಳಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆಯುವ) ಪ್ರಿಂಟರ್ ಕೆಟ್ಟಾಗ. ಹೊಸ ಯುಎಸ್‌ಬಿ ಪ್ರಿಂಟರ್ ಜೋಡಿಸಿದರೆ ವಿಂಡೋಸಿನ ಪರೀಕ್ಷಾ ಪುಟ ಚೆಂದವಾಗಿ ಬರುತ್ತದೆ, ಬಿಲ್ಲು ಮಾತ್ರ ಬರುವುದಿಲ್ಲ. "ಈ ಮೆಷಿನ್ ನಮಗೆ ಆಗಿಬರಲಿಲ್ಲ" ಎಂದು ಅದನ್ನು ಮೂಲೆಗೆ ಸರಿಸುತ್ತಾರೆ. ಆಗಿಬರುವುದು, ಬಾರದಿರುವುದು ಎಂಬುದು ಇಲ್ಲಿಲ್ಲ. ಇರುವುದು ಎರಡು ಕಾರಣ, ಎರಡನ್ನೂ ಕೈಯಿಟ್ಟು ತೋರಿಸಬಹುದು.

ಮೊದಲನೆಯದು ದಾರಿ. 1970ರಲ್ಲಿ ಸೆಂಟ್ರಾನಿಕ್ಸ್ ಕಂಪೆನಿಯ ಪ್ರಿಂಟರಿನೊಂದಿಗೆ ಬಂದ ಪ್ಯಾರಲಲ್ ಜೋಡಣೆಯನ್ನೇ 1981ರ ಐಬಿಎಂ ಪಿಸಿಯೂ ಬಳಸಿತು. ಮಾಡಿಗೆ ಹೆಂಚು ಹೊದೆಸುವಾಗ ಏಣಿಯ ಕೆಳಗಿನವನು "ಹಿಡಿ" ಎಂದು ಒಂದೊಂದೇ ಹೆಂಚು ಮೇಲಕ್ಕೆ ಕೊಡುತ್ತಾನಲ್ಲ, ಕೆಲಸ ನಡೆಯುವುದು ಹಾಗೆಯೇ. ಎಂಟು ತಂತಿಗಳ ಮೇಲೆ ಒಂದು ಅಕ್ಷರದ ಎಂಟು ಬಿಟ್‌ಗಳು (ಸೊನ್ನೆ ಅಥವಾ ಒಂದು) ಒಟ್ಟಿಗೇ ನಿಲ್ಲುತ್ತವೆ. ಸ್ಟ್ರೋಬ್ ಎಂಬ ತಂತಿಯಲ್ಲಿ ಮೈಕ್ರೊಸೆಕೆಂಡಿನ ಲೆಕ್ಕದ ಮಿಡಿತವೊಂದು ಹೋಗುತ್ತದೆ: "ಹಿಡಿ". ಪ್ರಿಂಟರ್ ತಕ್ಷಣ ಬಿಝಿ ತಂತಿಯನ್ನು ಏರಿಸುತ್ತದೆ: "ತಡಿ, ಕೈಯಲ್ಲಿ ಹೆಂಚಿದೆ". ಅಕ್ಷರ ಒಳಗೆ ಸೇರಿದ ಮೇಲೆ ಇನ್ನೊಂದು ತಂತಿಯಲ್ಲಿ "ಬರಲಿ" ಎನ್ನುತ್ತದೆ. ಕಾಗದ ಮುಗಿದರೆ ಅದನ್ನು ಹೇಳುವುದಕ್ಕೂ ಬೇರೆ ತಂತಿಯಿದೆ. ಇಡೀ ಬಿಲ್ಲು ಹೀಗೆ ಅಕ್ಷರ ಅಕ್ಷರವಾಗಿ ದಾಟುತ್ತದೆ. ಇಷ್ಟು ಸರಳ ಏರ್ಪಾಟು ದಶಕಗಳ ಕಾಲ ನಡೆಯಿತು ಎಂಬುದು ನನಗೆ ಇವತ್ತಿಗೂ ಬೆರಗು.

ಡಾಸ್ ಈ ಜೋಡಣೆಯನ್ನು ಎಲ್‌ಪಿಟಿ1 ಎಂದು ಕರೆಯುತ್ತದೆ. ಸಾಮಾನ್ಯವಾಗಿ ಅದರ ವಿಳಾಸ ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ 378. 1996ರಲ್ಲಿ ಬಂದ ಯುಎಸ್‌ಬಿಯಲ್ಲಿ ಈ ತಂತಿಗಳೂ ಇಲ್ಲ, ಈ ವಿಳಾಸವೂ ಇಲ್ಲ. ಮಾಹಿತಿ ಪ್ಯಾಕೆಟ್ಟುಗಳಲ್ಲಿ ಹೋಗುತ್ತದೆ; ಕಂಪ್ಯೂಟರ್ ಕೇಳದೆ ಪ್ರಿಂಟರ್ ಒಂದಕ್ಷರ ಹೇಳುವಂತಿಲ್ಲ. ಕಂಪ್ಯೂಟರ್ ಅಂಗಡಿಯವರು ಕೊಡುವ ಯುಎಸ್‌ಬಿ–ಪ್ಯಾರಲಲ್ ಕೇಬಲ್ ಸಾಕು ಎಂಬ ನಂಬಿಕೆ ಅದಕ್ಕೇ ಸುಳ್ಳಾಗುತ್ತದೆ. ಆ ಕೇಬಲ್ ತನ್ನನ್ನು ಯುಎಸ್‌ಬಿ ಪ್ರಿಂಟರೆಂದೇ ಪರಿಚಯಿಸಿಕೊಳ್ಳುತ್ತದೆ, ಎಲ್‌ಪಿಟಿ1 ಹುಟ್ಟುವುದೇ ಇಲ್ಲ.

ಎರಡನೆಯದು ಭಾಷೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನೊಳಗೆ ಅಕ್ಷರಗಳ ಅಚ್ಚು ಇರುತ್ತದೆ: 65 ಎಂಬ ಸಂಖ್ಯೆ ಬಂದರೆ ಇಂಗ್ಲಿಷಿನ 'ಎ' ಹೊಡೆಯುತ್ತದೆ, 15 ಬಂದರೆ ಅಕ್ಷರ ಕಿರಿದು ಮಾಡುತ್ತದೆ. ಎಪ್ಸನ್ ಮಾಡಿದ ಈ ಆಜ್ಞೆಗಳ ಹೆಸರು ಇಎಸ್‌ಸಿ/ಪಿ. ಈಗಿನ ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಹಲವಕ್ಕೆ ಅಕ್ಷರವೇ ಗೊತ್ತಿಲ್ಲ. ವಿಂಡೋಸ್ ಪುಟವನ್ನು ಚಿತ್ರವಾಗಿಸಿ ಕೊಟ್ಟರೆ ಮಾತ್ರ ಮುದ್ರಿಸುತ್ತವೆ. ಬರಿಯ 65 ಕಳಿಸಿದರೆ ದೀಪ ಮಿನುಗುತ್ತದೆ, ಕಾಗದ ಅಲ್ಲಾಡುವುದಿಲ್ಲ.

ಆದರೆ ಕನ್ನಡವಂತೂ ಮೊದಲಿನಿಂದಲೂ ಹೀಗೆ ಚಿತ್ರವಾಗಿಯೇ ಹೋಗಬೇಕಿತ್ತು, ಸಾಮಾನ್ಯ ಪ್ರಿಂಟರುಗಳೊಳಗೆ ನಮ್ಮ ಅಕ್ಷರದ ಅಚ್ಚು ಇರಲಿಲ್ಲವಲ್ಲ! ನಮ್ಮ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡ ಬರೆಯುವ 'ಸೇಡಿಯಾಪು' ತಂತ್ರಾಂಶ ಮಾಡಿ ಉಚಿತವಾಗಿ ಹಂಚಿದ್ದನ್ನು ನೆನೆದಾಗ ಆ ಕೆಲಸದ ತೂಕ ತಿಳಿಯುತ್ತದೆ.

ಪರಿಹಾರವೂ ಎರಡು ಪಾಲು. ಕಾರ್ಬನ್ ಪ್ರತಿ ಬೇಕಾದವರು ಪುನಃ ಡಾಟ್ ಮ್ಯಾಟ್ರಿಕ್ಸನ್ನೇ ಕೊಳ್ಳಿ. ಎಪ್ಸನ್ ಎಲ್‌ಎಕ್ಸ್-310ರಂಥದ್ದರಲ್ಲಿ ಯುಎಸ್‌ಬಿ, ಪ್ಯಾರಲಲ್ ಎರಡೂ ಇವೆ, ಇಎಸ್‌ಸಿ/ಪಿಯೂ ಅರ್ಥವಾಗುತ್ತದೆ. ಯುಎಸ್‌ಬಿಯಲ್ಲಿ ಜೋಡಿಸಿದರೆ, ವಿಂಡೋಸಿನಲ್ಲಿ ಪ್ರಿಂಟರನ್ನು ಒಂದು ಹೆಸರು ಕೊಟ್ಟು ಶೇರ್ ಮಾಡಿ (ಹಂಚಿಕೊಳ್ಳಿ). ಹೆಸರು ಚಿಕ್ಕದಿರಲಿ, ನಡುವೆ ಜಾಗ ಬೇಡ. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್ ಯೂಸ್' ಆಜ್ಞೆಯಿಂದ ಎಲ್‌ಪಿಟಿ1ನ್ನು ಆ ಶೇರಿಗೆ ಕಟ್ಟಿಬಿಡಿ. ಪ್ರೋಗ್ರಾಮ್ ಎಲ್‌ಪಿಟಿ1 ಎಂದುಕೊಂಡೇ ಕಳಿಸುತ್ತದೆ, ವಿಂಡೋಸ್ ಅದನ್ನು ಯುಎಸ್‌ಬಿಗೆ ತಿರುಗಿಸುತ್ತದೆ.

64 ಬಿಟ್ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಮ್ ನೇರವಾಗಿ ಓಡುವುದಿಲ್ಲ. ಅಲ್ಲಿ ವಿಂಡೋಸಿನೊಳಗೇ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ಎಂಬ ತಂತ್ರಾಂಶ ಬೇಕು. ಅದರೊಳಗೆ ಎಪ್ಸನ್ ಪ್ರಿಂಟರಿನ ವೇಷ ಹಾಕಿದ ತಂತ್ರಾಂಶವಿದೆ: ಹಳೆ ಆಜ್ಞೆಗಳನ್ನು ಓದಿ, ಪುಟವನ್ನು ಚಿತ್ರವಾಗಿಸಿ ವಿಂಡೋಸಿಗೆ ಒಪ್ಪಿಸುತ್ತದೆ. ಲೇಸರ್ ಪ್ರಿಂಟರಿನಲ್ಲೂ ಬಿಲ್ಲು ಬರುವುದು ಹೀಗೆ.

ಪ್ರೋಗ್ರಾಮನ್ನು ದೂರುವ ಮೊದಲು ಎಲ್‌ಪಿಟಿ1ಗೆ ಒಂದು ಸಾಲು ಬರಹ ಕಳಿಸಿ ನೋಡಿ. ಕಾಗದದ ಮೇಲೆ ಬಂದರೆ ದಾರಿ ಸರಿಯಿದೆ, ಪ್ರೋಗ್ರಾಮಿನ ಪ್ರಿಂಟರ್ ಸೆಟ್ಟಿಂಗ್ ನೋಡಿ. ಬಾರದಿದ್ದರೆ ಮೊದಲು ಶೇರಿನ ಹೆಸರು ಪರೀಕ್ಷಿಸಿ.