ಸೈಕಲ್ ದಾರಿ ಬೇಕು ಅಂತ ಯಾರಿಗೆ ಹೇಳಬೇಕು?

ಓದುಗರ ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಮಕ್ಕಳನ್ನು ಸೈಕಲ್ ಕೊಟ್ಟು ಶಾಲೆಗೆ ಕಳಿಸಲು ಭಯ ಆಗುತ್ತದೆ. ದಾರಿ ಸರಿ ಮಾಡಿ ಅಂತ ನಮ್ಮಂಥವರು ಹೇಳಿದರೆ ಕೇಳುವವರು ಇದ್ದಾರಾ?

ಇದ್ದಾರೆ. ಆದರೆ "ಊರಿಗೊಂದು ಸೈಕಲ್ ಟ್ರ್ಯಾಕ್ ಬೇಕು" ಅಂತ ಸುಮ್ನೆ ಅರ್ಜಿ ಕೊಟ್ಟರೆ ಅದು ಫೈಲ್ ಸೇರುತ್ತದೆ, ಅಷ್ಟೇ. ಯಾವ ರಸ್ತೆ, ಯಾವ ಅಂಗಡಿ ಎದುರು, ಎಷ್ಟು ಹೊತ್ತಿಗೆ, ಏನು ತೊಂದರೆ ಅಂತ ಫೋಟೋ ಸಮೇತ ಬರೆದುಕೊಡಿ. ಆಗ ಎಂಜಿನಿಯರ್ ಕೈಗೆ ಒಂದು ಕೆಲಸ ಸಿಕ್ಕಂತಾಗುತ್ತದೆ.

ಚರಂಡಿ ಮೇಲಿನ ಕಬ್ಬಿಣದ ಜಾಲರಿಯನ್ನೇ ನೋಡಿ. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ಲಿನ ಸಣ್ಣ ಟೈರು ಸೀದಾ ಸಂದಿಗೆ ಇಳಿಯುತ್ತದೆ, ಅಡ್ಡಕ್ಕೆ ಇದ್ದರೆ ಆರಾಮಾಗಿ ದಾಟುತ್ತದೆ. ಕಾರಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಜುಲೈ ಮಳೆಯಲ್ಲಿ ಅದರ ಮೇಲೆ ಕೆಂಪು ನೀರು ನಿಂತರೆ ಇಳಿಜಾರಿನಲ್ಲಿ ಬರುವ ಮಗುವಿಗೂ ಕಾಣುವುದಿಲ್ಲ. ಜಾಲರಿ ತಿರುಗಿಸಿ ಹಾಕಲು ಕೋಟಿ ರೂಪಾಯಿ ಯೋಜನೆ ಬೇಕಾ?

ಇಂಥ ಜಾಗಗಳು ಗೊತ್ತಿರುವುದು ದಿನಾ ಸೈಕಲ್ ತುಳಿಯುವವರಿಗೆ. ಪೇಪರ್ ಹಾಕುವ ಹುಡುಗರು, ಹಾಲಿನವರು, ಗಾರೆ ಕೆಲಸಕ್ಕೆ ಹೋಗುವವರು. ಇವರು ಯಾವ ಸಭೆಗೂ ಬರುವುದಿಲ್ಲ, ನಾವೇ ಹೋಗಿ ಕೇಳಬೇಕು. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಊರಿನ ನಕ್ಷೆ ಹಿಡಿದು ನಿಂತು, ಭಯ ಆಗುವ ಕಡೆ ಗುರುತು ಹಾಕಿ ಅಂತ ಮಕ್ಕಳಿಗೇ ಪೆನ್ನು ಕೊಡಿ. ಶನಿವಾರ, ಭಾನುವಾರ ಬೇರೆಯಾಗಿ ನೋಡಿ, ಮುಳ್ಳಯ್ಯನಗಿರಿಗೆ ಹೋಗುವ ವಾಹನ ಆಗ ಜಾಸ್ತಿ, ಅಲ್ವಾ.

ಆಮೇಲೆ ರಸ್ತೆ ಯಾರದು ಅಂತ ತಿಳಿದುಕೊಳ್ಳಿ. ವಾರ್ಡಿನ ಒಳರಸ್ತೆಗಳು ನಗರಸಭೆಯವು. ಕಡೂರಿನಿಂದ ಮೂಡಿಗೆರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 173ಕ್ಕೆ ಬೇರೆ ವಿಭಾಗ ಇದೆ, ಅದರ ದೂರನ್ನು ನಗರಸಭೆಗೆ ಕೊಟ್ಟರೆ ಸುಮ್ನೆ ಓಡಾಟ. ಎಲ್ಲ ಇಲಾಖೆಯವರೂ ಒಟ್ಟಿಗೆ ಕೂರುವ ಜಾಗ ಅಂದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅಪಾಯದ ತಿರುವುಗಳ ಪಟ್ಟಿ ಅಲ್ಲಿಗೂ ಒಂದು ಪ್ರತಿ ಹೋಗಲಿ.

ದುಡ್ಡು ಬೇಕಾದ ಕೆಲಸವಾದರೆ ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೇ ಹೋಗಬೇಕು. ಏಪ್ರಿಲ್‌ನಲ್ಲಿ ಹೊಸ ಹಣಕಾಸು ವರ್ಷ ಶುರುವಾದ ಮೇಲೆ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ.

ನನ್ನನ್ನು ಕೇಳಿದರೆ, ಎಂ.ಜಿ. ರಸ್ತೆಯಲ್ಲಿ ಪಾರ್ಕಿಂಗ್ ಜೊತೆ ಗುದ್ದಾಡುವ ಮೊದಲು, ಶಾಲೆಗೆ ಸೇರುವ ಒಂದು ಒಳದಾರಿ ಆರಿಸಿಕೊಳ್ಳಿ. ಅಲ್ಲಿ ಬೀದಿದೀಪ, ಹಂಪ್, ಚರಂಡಿ ಚಪ್ಪಡಿ ಸರಿಯಾದರೂ ಎಷ್ಟೋ ಮಕ್ಕಳು ಸೈಕಲ್ ಹತ್ತುತ್ತಾರೆ. ಅರ್ಜಿ ಕೊಟ್ಟಾಗ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಉತ್ತರ ಬರದಿದ್ದರೆ ಆ ನಂಬರ್ ಹಾಕಿ ಮಾಹಿತಿ ಹಕ್ಕಿನಡಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.