ಮಂದ ಎಣ್ಣೆ, ತೆಳು ಎಣ್ಣೆ ಮತ್ತು ರಾಯಚೂರಿನ ಬಿಸಿಲು

ನಾನು ಒಯ್ದಿದ್ದ ಹೊಸ ಡಬ್ಬಿಯ ಮುಚ್ಚಳ ತೆಗೆದ ಮಿಸ್ತ್ರಿ, ಒಂದು ಹನಿ ಎಣ್ಣೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ ನೋಡಿದರು. 'ಇದೇನು ಸರ್, ನೀರಿದ್ದ ಹಾಗಿದೆ. ನಮ್ಮ ಬಿಸಿಲಿಗೆ ಇದು ತಡೆಯುತ್ತದೆಯೇ? 20ಡಬ್ಲ್ಯು-40 ಹಾಕುತ್ತೇನೆ ಬಿಡಿ.' ಅದು ಮೇ ತಿಂಗಳ ರಾಯಚೂರು. ಬೆಳಿಗ್ಗೆ ಹತ್ತಕ್ಕೇ ಗ್ಯಾರೇಜಿನ ತಗಡು ಕೆಂಡವಾಗಿತ್ತು. ನನ್ನದು ನೂರು ಸಿ.ಸಿ.ಯ ಸಾಧಾರಣ ಬೈಕು. ಅದರ ಕೈಪಿಡಿ ಹೇಳುವುದು 10ಡಬ್ಲ್ಯು-30, ಅಂದರೆ ಮಿಸ್ತ್ರಿಯ ಆಯ್ಕೆಗಿಂತ ತೆಳು ದರ್ಜೆಯ ಎಣ್ಣೆ. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈಯ ಮುಂದೆ, ಹತ್ತು ನಿಮಿಷ ಕೈಪಿಡಿ ಓದಿದವನು ಏನೆಂದು ವಾದಿಸುವುದು? ಆದರೂ ಆ ಬೆರಳಿನ ಪರೀಕ್ಷೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ದ್ರವವೊಂದು ಹರಿಯುವುದಕ್ಕೆ ತಾನೇ ಒಡ್ಡುವ ತಡೆಯನ್ನು ಪಠ್ಯಪುಸ್ತಕಗಳು ಸ್ನಿಗ್ಧತೆ ಎನ್ನುತ್ತವೆ. ಮಲೆನಾಡಿನ ಮನೆಗಳಲ್ಲಿ ಈ ಪದ ಬೇಕಾಗುವುದಿಲ್ಲ, ಅಲ್ಲಿ ಜೋನಿ ಬೆಲ್ಲವಿದೆ. ಚಳಿಗಾಲದ ಬೆಳಿಗ್ಗೆ ಚಮಚ ಬಿಟ್ಟು ಇಳಿಯಲೊಲ್ಲದ ಬೆಲ್ಲ, ಕಾವಲಿಯಿಂದ ಆಗಷ್ಟೇ ಎತ್ತಿದ ದೋಸೆಯ ಮೇಲೆ ಬಿದ್ದರೆ ತಟ್ಟೆಯ ಅಂಚಿನವರೆಗೆ ಓಡುತ್ತದೆ. ಬೆಲ್ಲ ಅದೇ, ಬದಲಾದದ್ದು ಬಿಸಿ. ಎಂಜಿನ್ ಎಣ್ಣೆಯ ಗುಣವೂ ಇದೇ, ಆದರೆ ಏರಿಳಿತ ಇನ್ನೂ ತೀವ್ರ.

ಲೆಕ್ಕ ನೋಡಿ. ಸ್ನಿಗ್ಧತೆಯನ್ನು ಅಳೆಯುವ ಮಾನ ಸೆಂಟಿಸ್ಟೋಕ್; ಕೋಣೆಯ ಬಿಸಿಯಲ್ಲಿರುವ ನೀರಿನದು ಸುಮಾರು 1. ಮಿಸ್ತ್ರಿಯ ಬೆರಳುಗಳ ನಡುವೆ ಇದ್ದಾಗ ನನ್ನ 10ಡಬ್ಲ್ಯು-30 ಎಣ್ಣೆಯದು ಹೆಚ್ಚುಕಡಿಮೆ 100. ಅದೇ ಎಣ್ಣೆ ಎಂಜಿನ್ನಿನೊಳಗೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ 10ರ ಆಸುಪಾಸು. ಅವರು ಮೆಚ್ಚಿದ 20ಡಬ್ಲ್ಯು-40 ಕೂಡ ಆ ಬಿಸಿಗೆ 14-15ಕ್ಕೆ ಇಳಿದಿರುತ್ತದೆ. ಅಂದರೆ ಬೆರಳಿಗೆ 'ನೀರು' ಎನಿಸಿದ ಎಣ್ಣೆ, ಓಡುತ್ತಿರುವ ಎಂಜಿನ್ನಿನಲ್ಲಿರುವ 'ಗಟ್ಟಿ' ಎಣ್ಣೆಗಿಂತ ಆರೇಳು ಪಟ್ಟು ಮಂದ! ಬೆರಳು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಹೇಳುವುದು ಬೆರಳಿನ ಬಿಸಿಯ ಸಂಗತಿಯನ್ನು. ಎಂಜಿನ್ನಿನೊಳಗಿನ ಸಂಗತಿ ಬೇರೆ.

ಡಬ್ಬಿಯ ಮೇಲಿನ ಎರಡು ಅಂಕಿಗಳು ಈ ಎರಡು ತುದಿಗಳನ್ನು ಬೇರೆಬೇರೆಯಾಗಿ ಹಿಡಿಯುವ ಪ್ರಯತ್ನ. ಎಣ್ಣೆಗಳನ್ನು ಹೀಗೆ ದರ್ಜೆಗಳಾಗಿ ವಿಂಗಡಿಸುವ ಕೆಲಸವನ್ನು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್ಎಇ 1911ರಲ್ಲೇ ಶುರುಮಾಡಿತು. ಎರಡನೆಯ ಅಂಕಿ ಬಿಸಿಯ ಕಥೆ: 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ ಇದ್ದರೆ 30, ಅಲ್ಲಿಂದ 16.3ರವರೆಗೆ 40, ಮುಂದೆ 21.9ರವರೆಗೆ 50. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. 10ಡಬ್ಲ್ಯು ಎಣ್ಣೆಯನ್ನು ಮೈನಸ್ 25 ಡಿಗ್ರಿಯಲ್ಲೂ 20ಡಬ್ಲ್ಯುವನ್ನು ಮೈನಸ್ 15ರಲ್ಲೂ ಪರೀಕ್ಷಿಸಿ, ಆ ಕೊರೆತದಲ್ಲೂ ಎಂಜಿನ್ ತಿರುಗಲು ಬಿಡುತ್ತದೆಯೇ ಎಂದು ನೋಡುತ್ತಾರೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರಲ್ಲಿ. ಹೀಗಾಗಿ ಮೊದಲ ಅಂಕಿಯಿಂದ ನಮ್ಮ ಎಂಜಿನ್ನುಗಳ ಪ್ರಾಣ ಹೋಗುವುದಿಲ್ಲ. ಬೆಳಿಗ್ಗೆ ಕಿಕ್ ಹೊಡೆದಾಗ ಎಣ್ಣೆ ಸಿಲಿಂಡರಿನ ತಲೆಯವರೆಗೆ ಏರಲು ಎಷ್ಟು ಬೇಗ ಹೊರಡುತ್ತದೆ ಎಂಬಷ್ಟರ ಮಟ್ಟಿಗೆ ಮಾತ್ರ ಅದು ನಮಗೆ ಮುಖ್ಯ.

ಮಂದವಾದದ್ದೇ ಹೆಚ್ಚು ಕಾಪಾಡುತ್ತದೆ ಎಂಬ ನಂಬಿಕೆ ನಮಗೆ ಎತ್ತಿನ ಬಂಡಿಯ ಕಾಲದಿಂದ ಬಂದಿರಬೇಕು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲೆಸಿ ಅಚ್ಚಿಗೆ ಬಳಿಯುತ್ತಿದ್ದ ಕೀಲೆಣ್ಣೆ ಜಾರಿಹೋಗದೆ ಅಂಟಿಕೊಂಡಿರಬೇಕಿತ್ತು, ಅದಕ್ಕೆ ಮಂದವೇ ಸರಿ. (ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.) ವೇಗವಾಗಿ ತಿರುಗುವ ಯಂತ್ರದ ನ್ಯಾಯ ಬೇರೆ. ಅದು ಮೊದಲು ಕಣ್ಣಿಗೆ ಬಿದ್ದದ್ದು ಇಂಗ್ಲೆಂಡಿನ ಬೋಶಂ ಟವರ್ ಎಂಬ ಎಂಜಿನಿಯರಿಗೆ, 1880ರ ದಶಕದ ಆರಂಭದಲ್ಲಿ, ಅದೂ ಆಕಸ್ಮಿಕವಾಗಿ. ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ ಅವರು, ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬೂಚು ಹಾಕಿದರೆ ಬೂಚು ಹಾರಿತು. ಮರದ ಬೆಣೆ ಬಡಿದರೆ ಅದೂ ಹೊರಬಂತು. ಕೊನೆಗೆ ಒತ್ತಡದ ಮಾಪಕ ಜೋಡಿಸಿದಾಗ, ಹೊರೆಯ ಸರಾಸರಿ ಒತ್ತಡ ಚದರ ಅಂಗುಲಕ್ಕೆ 100 ಪೌಂಡ್ ಇದ್ದಲ್ಲಿ ಮುಳ್ಳು 200ನ್ನು ದಾಟಿತು. ತಿರುಗುವ ಅಚ್ಚು ಎಣ್ಣೆಯನ್ನು ತಾನೇ ಎಳೆದುಕೊಂಡು ಇಕ್ಕಟ್ಟಿನ ಸಂದಿಗೆ ತುರುಕುತ್ತಿತ್ತು, ಬೇರಿಂಗು ಆ ಎಣ್ಣೆಯ ಮೇಲೆ ತೇಲುತ್ತಿತ್ತು. ಲೋಹಕ್ಕೆ ಲೋಹ ಮುಟ್ಟುತ್ತಲೇ ಇರಲಿಲ್ಲ. ಈ ತೇಲುವಿಕೆಯ ಗಣಿತವನ್ನು ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬರೆದರು.

ಎಣ್ಣೆಯ ಹೊದಿಕೆಯ ದಪ್ಪ ಮೂರರ ಮೇಲೆ ನಿಂತಿದೆ: ಸ್ನಿಗ್ಧತೆ, ವೇಗ ಮತ್ತು ಹೊರೆ. ವೇಗ ಹೆಚ್ಚಿದ್ದಲ್ಲಿ ತೆಳು ಎಣ್ಣೆ ಸಾಕು. ಕಾರಿನ ಎಂಜಿನ್ನಿನ ಮುಖ್ಯ ಅಚ್ಚಾದ ಕ್ರ್ಯಾಂಕ್‌ಶಾಫ್ಟ್ ತಿರುಗುವ ಬೇರಿಂಗುಗಳಲ್ಲಿ ಬಿಟ್ಟಿರುವ ಸಂದು ಕೂದಲೆಳೆಗಿಂತ ಕಿರಿದು, ಹೊರೆ ಬಿದ್ದ ಗಳಿಗೆಯಲ್ಲಿ ಉಳಿಯುವ ಎಣ್ಣೆಯ ಪದರ ಒಂದೆರಡು ಮೈಕ್ರಾನ್ ಇರಬಹುದು. ವಿನ್ಯಾಸ ಮಾಡಿದವರು ಆ ಸಂದು, ಆ ಅಗಲ, ಆ ಪಂಪು ಎಲ್ಲವನ್ನೂ ಒಂದು ನಿರ್ದಿಷ್ಟ ಸ್ನಿಗ್ಧತೆಗೆ ಹೊಂದಿಸಿರುತ್ತಾರೆ. ಅದಕ್ಕಿಂತ ಮಂದವಾದದ್ದು ಹಾಕಿದರೆ ಪದರ ದಪ್ಪವಾಗುವುದು ನಿಜ. ಜೊತೆಗೆ ಎಣ್ಣೆ ತನ್ನನ್ನೇ ಉಜ್ಜಿಕೊಂಡು ಹೆಚ್ಚು ಕಾಯುತ್ತದೆ, ಕಾದು ತೆಳುವಾಗುತ್ತದೆ. ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ಬಡ್ಡಿಗೇ ಹೋಯಿತು. ಪೆಟ್ರೋಲಿನಲ್ಲಿ ಶೇಕಡ ಒಂದೆರಡು ದಂಡವೂ ಬೀಳುತ್ತದೆ.

ನನ್ನ ಬೈಕಿನಂಥ ಸಣ್ಣ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಸಾಮಾನ್ಯವಾಗಿ ತೇಲುವುದಿಲ್ಲ, ಗುಂಡಿನ ಬೇರಿಂಗಿನ ಮೇಲೆ ಉರುಳುತ್ತದೆ. ಅಲ್ಲಿ ಕಷ್ಟಪಡುವವರು ಇಬ್ಬರು: ಮೇಲೆ ಕವಾಟಗಳನ್ನು ತೆರೆಯುವ ಕ್ಯಾಮ್, ಕೆಳಗೆ ಗೇರು. ಬೈಕಿನಲ್ಲಿ ಎಂಜಿನ್, ಗೇರುಪೆಟ್ಟಿಗೆ, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ, ಅದೂ ಒಂದು ಲೀಟರಿಗೂ ಕಡಿಮೆ. ಎರಡು ಅಂಕಿಯ ಎಣ್ಣೆಗಳು ಬಿಸಿಯಲ್ಲೂ ತೀರಾ ತೆಳುವಾಗದಂತೆ ಅವುಗಳಲ್ಲಿ ಉದ್ದುದ್ದ ಸರಪಳಿಯ ಪಾಲಿಮರ್ ಅಣುಗಳನ್ನು ಬೆರೆಸಿರುತ್ತಾರೆ. ಗೇರಿನ ಹಲ್ಲುಗಳು ಆ ಸರಪಳಿಗಳನ್ನು ಶ್ಯಾವಿಗೆಯಂತೆ ತುಂಡರಿಸುತ್ತವೆ. ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೆ 40 ಎಂದು ಕೊಂಡ ಎಣ್ಣೆ 30ರ ಸಾಲಿಗೆ ಇಳಿದಿರಬಹುದು. ಅಂಕಿಗಾಗಿ ಗಂಟೆಗಟ್ಟಲೆ ಜಗಳವಾಡಿ, ಎಣ್ಣೆಯ ಮಟ್ಟವನ್ನು ಆರು ತಿಂಗಳು ನೋಡದೇ ಓಡಿಸುವವರನ್ನು ಕಂಡರೆ ನನಗೆ ನಗು ಬರುವುದು ಇದಕ್ಕೇ.

ಹಾಗಾದರೆ ಬಿಸಿಲಿನ ಮಾತು? ಕಾರಿನ ಮಟ್ಟಿಗೆ ಅದು ಬಹುಪಾಲು ಟೊಳ್ಳು. ತಂಪುನೀರನ್ನು 80-90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಲು ಅಲ್ಲಿ ಥರ್ಮೋಸ್ಟ್ಯಾಟ್ ಇದೆ. ಹೊರಗೆ ಮಡಿಕೇರಿಯ ಮಂಜಿರಲಿ, ರಾಯಚೂರಿನ ಉರಿಯಿರಲಿ, ಒಮ್ಮೆ ಕಾದ ಮೇಲೆ ಎಣ್ಣೆಗೆ ತಿಳಿಯುವ ವ್ಯತ್ಯಾಸ ಸಣ್ಣದು. ಆದರೆ ಬೈಕಿನ ಎಂಜಿನ್ನನ್ನು ತಣಿಸುವುದು ಗಾಳಿ. ಆ ಗಾಳಿಯೇ 42 ಡಿಗ್ರಿ ಇದ್ದರೆ, ಮೇಲಾಗಿ ಇಬ್ಬರನ್ನು ಹೊತ್ತು ಮಾರುಕಟ್ಟೆಯ ಸಂದಣಿಯಲ್ಲಿ ಎರಡನೇ ಗೇರಿನಲ್ಲಿ ತೆವಳುತ್ತಿದ್ದರೆ, ಎಣ್ಣೆಯ ಬಿಸಿ ಸಲೀಸಾಗಿ ಹತ್ತಿಪ್ಪತ್ತು ಡಿಗ್ರಿ ಏರುತ್ತದೆ. ಲೆಕ್ಕ ಹಾಕಿ ನೋಡಿದೆ: 30ರಿಂದ 40ಕ್ಕೆ ಒಂದು ಮೆಟ್ಟಿಲು ಹತ್ತುವುದೆಂದರೆ ಸರಿಸುಮಾರು 10ರಿಂದ 15 ಡಿಗ್ರಿಯ ಏರಿಕೆಯನ್ನು ಸರಿದೂಗಿಸಿದಂತೆ. ಮೇ ತಿಂಗಳಲ್ಲಿ 20ಡಬ್ಲ್ಯು-40 ಹಾಕಿದ ನನ್ನ ಎಂಜಿನ್ನು, ಡಿಸೆಂಬರಿನಲ್ಲಿ 10ಡಬ್ಲ್ಯು-30 ಹಾಕಿದಾಗ ಕಾಣುತ್ತಿದ್ದ ಸ್ನಿಗ್ಧತೆಯನ್ನೇ ಕಾಣುತ್ತದೆ. ಮಿಸ್ತ್ರಿಯ ಬೆರಳು ತಪ್ಪಿದ್ದರೂ ತೀರ್ಪು ತಪ್ಪಿರಲಿಲ್ಲ!

ಕೈಪಿಡಿಯ ಅಂಕಿಯೂ ವೇದವಾಕ್ಯವಲ್ಲ. ಇಂಧನ ಕ್ಷಮತೆಯ ಕಾನೂನುಗಳು ಬಿಗಿಯಾದಂತೆ ತಯಾರಕರು ತೆಳು ಎಣ್ಣೆಯತ್ತ ಸರಿದಿದ್ದಾರೆ. 2001ರ ಮಾದರಿಗಳಿಂದ ಫೋರ್ಡ್ ಅಮೆರಿಕದಲ್ಲಿ ತನ್ನ ಬಹುತೇಕ ವಾಹನಗಳಿಗೆ 5ಡಬ್ಲ್ಯು-20 ಸೂಚಿಸತೊಡಗಿತು. ಎಸ್ಎಇ ಪಟ್ಟಿಗೆ 2013ರಲ್ಲಿ 16 ಸೇರಿತು, ಮುಂದೆ 12 ಮತ್ತು 8. ಅದೇ ಎಂಜಿನ್ನಿಗೆ ಬೇರೆ ದೇಶದ ಕೈಪಿಡಿ ಇನ್ನಷ್ಟು ಮಂದದ ಎಣ್ಣೆಗಳಿಗೂ ಒಪ್ಪಿಗೆ ಕೊಟ್ಟಿರುವುದುಂಟು. ಟೊಯೋಟದ ಅಮೆರಿಕದ ಕೈಪಿಡಿಗಳೇ 0ಡಬ್ಲ್ಯು-20ನ್ನು ಹೊಗಳಿದ ಬೆನ್ನಿಗೆ, ಅತಿ ವೇಗ ಅಥವಾ ಅತಿ ಹೊರೆಯ ಓಟಕ್ಕೆ ಹೆಚ್ಚಿನ ಅಂಕಿಯ ಎಣ್ಣೆ ಹೊಂದಬಹುದು ಎಂದು ಸೇರಿಸುತ್ತವೆ. 'ಎಷ್ಟು ಕೊಡುತ್ತದೆ?' ಎಂಬುದೇ ಮೊದಲ ಪ್ರಶ್ನೆಯಾಗಿರುವ ನಮ್ಮ ಬೈಕು ಮಾರುಕಟ್ಟೆಗೆ ಕಾನೂನೂ ಬೇಕಾಗಲಿಲ್ಲ.

ಆದ್ದರಿಂದ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಹಳೆಯ, ಸವೆದ, ಎಣ್ಣೆ ಕುಡಿಯುವ ಎಂಜಿನ್ನಿಗೆ ಉಪಕಾರವೇ ಆಗಬಹುದು. ಎರಡು ಮೆಟ್ಟಿಲು ಹಾರುವುದಕ್ಕೆ ನಾನು ಒಪ್ಪುವುದಿಲ್ಲ. ಎಣ್ಣೆಯ ಒತ್ತಡದಿಂದಲೇ ಕವಾಟಗಳ ಸಮಯ ಬದಲಿಸುವ ಹೊಸ ಕಾರುಗಳಲ್ಲಂತೂ ಆ ಪ್ರಯೋಗ ಬೇಡ. ಕೆಳಕ್ಕೆ ಇಳಿಯುವುದು ಇನ್ನೂ ಅಪಾಯ: 40 ಕೇಳುವ ಎಂಜಿನ್ನಿಗೆ 20 ಸುರಿದರೆ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ, ಆಮೇಲೆ ಕಾಪಾಡಬೇಕಾದದ್ದು ಎಣ್ಣೆಯಲ್ಲಿ ಬೆರೆಸಿದ ಸತುವಿನ ಸಂಯುಕ್ತವೊಂದೇ. ಅಂಕಿ ಒಂದೇ ಇದ್ದರೂ ಮೋಸವಾಗಬಹುದು ಎಂಬುದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಕಾರಿಗೆ ಹಾಕಿ ಉಳಿದಿದ್ದ ಒಳ್ಳೆಯ ಎಣ್ಣೆ ದಂಡವಾಗಬಾರದೆಂದು ಒಮ್ಮೆ ಬೈಕಿಗೆ ಸುರಿದೆ. ಕಾರಿನ ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ, ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗೆ ಘರ್ಷಣೆಯೇ ಜೀವ. ಏರು ಬಂದಾಗ ಎಂಜಿನ್ ಕಿರುಚಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಬೈಕಿನ ಡಬ್ಬಿಯ ಮೇಲೆ, ಕ್ಲಚ್ಚಿಗೆ ಒಗ್ಗುವ ಎಣ್ಣೆಯೆಂದು ಸಾರುವ ಜಪಾನಿ ಮಾನಕ ಜಾಸೊ ಎಂಎ ಅಥವಾ ಎಂಎ2 ಎಂಬ ಮುದ್ರೆ ಹುಡುಕುವ ಚಟ ನನಗೆ ಅಂಟಿದ್ದು ಆವತ್ತು.

ಮಿಸ್ತ್ರಿಯ ಎದುರಿಗೇ ಸೀಟಿನಡಿಯ ಪ್ಲಾಸ್ಟಿಕ್ ಚೀಲದಿಂದ ಕೈಪಿಡಿ ತೆಗೆದೆ. ಎಣ್ಣೆಯ ಪುಟದ ಕೆಳಗೆ, ನಾನು ಹಿಂದೆಂದೂ ಗಮನಿಸದ ಒಂದು ಪುಟ್ಟ ನಕ್ಷೆಯಿತ್ತು: ಹೊರಗಿನ ಉಷ್ಣಾಂಶಕ್ಕೆ ತಕ್ಕಂತೆ ಯಾವ ದರ್ಜೆ ನಡೆಯುತ್ತದೆ ಎಂದು ತೋರಿಸುವ ಅಡ್ಡಪಟ್ಟಿಗಳು. 20ಡಬ್ಲ್ಯು-40ರ ಪಟ್ಟಿ ಬಲತುದಿಯವರೆಗೆ ಚಾಚಿತ್ತು. ಅವರು ಅದನ್ನು ನೋಡಲೂ ಇಲ್ಲ, ಡಬ್ಬಿ ಬಗ್ಗಿಸಿ ಆಗಿತ್ತು. ನವೆಂಬರಿನಲ್ಲಿ ನನ್ನ 10ಡಬ್ಲ್ಯು-30 ಹಿಡಿದು ಮತ್ತೆ ಹೋದೆ. ಒಂದು ಹನಿ ಬೆರಳಿಗೆ ಹಚ್ಚಿಕೊಂಡು ಉಜ್ಜಿದರು, ನನ್ನ ಮುಖ ನೋಡಿದರು. 'ನೀರೇ ಸರ್ ಇದು' ಎಂದರು, ಆದರೆ ಈ ಸಲ ಸುರಿದರು.