ಮೋರಾ ಚಾಕುವಿನ ಬೆನ್ನು, ಒರೆ ಮತ್ತು ಒಂದು ಪುಟ್ಟ ಡಬ್ಬಿ: ಕಲಿಯುವವರಿಗೆ ಟಿಪ್ಪಣಿ

ಕಾಡು ಬೆಟ್ಟ ಸುತ್ತುವವರಿಗೆ ಅಗ್ಗದ ಚಾಕು ಯಾವುದು ಅಂತ ಕೇಳಿದರೆ ಮೊದಲು ಬರುವ ಹೆಸರು ಮೋರಾ ಕಂಪ್ಯಾನಿಯನ್. ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ ಮೋರಾ ಎಂಬ ಊರಿನ ಚಾಕು ಇದು. ತಯಾರಿಸುವ ಕಂಪನಿ ತನ್ನ ಇತಿಹಾಸವನ್ನು 1891ರಿಂದ ಎಣಿಸುತ್ತದೆ. ಅಲಗು 10 ಸೆಂಟಿಮೀಟರಿಗಿಂತ ಚೂರು ಉದ್ದ. ದಪ್ಪ ಎರಡೂವರೆ ಮಿಲಿಮೀಟರ್. ರಬ್ಬರಿನಂಥ ಹಿಡಿ, ಪ್ಲಾಸ್ಟಿಕ್ ಒರೆ, ಅಷ್ಟೇ. ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಕೂರುವ ಭಾಗ, ಹಿಡಿಯ ಕೊನೆಯ ತನಕ ಹೋಗುವುದಿಲ್ಲ. ಹಾಗಾಗಿ ಇದನ್ನು ಕೊಡಲಿಯ ಹಾಗೆ ಬಡಿಯಬಾರದು. ಸೌದೆ ಸೀಳುವುದಕ್ಕೆ ಮಲೆನಾಡಿನ ಕತ್ತಿಯೇ ಸರಿ. ಚಾಕುವಿನ ಕೆಲಸ ಬೇರೆ: ಕೆತ್ತುವುದು, ಕೊಯ್ಯುವುದು, ಹೆರೆಯುವುದು.

ಸಾಣೆ ಹಿಡಿಯುವ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಲಗಿನ ಎರಡೂ ಬದಿಯಲ್ಲಿ ಅಗಲವಾದ ಒಂದೊಂದು ಇಳಿಜಾರು ಇದೆ. ಅದನ್ನು ಕಲ್ಲಿನ ಮೇಲೆ ಪೂರ್ತಿ ಕೂರುವಂತೆ ಇಟ್ಟು ಉಜ್ಜಿದರೆ ಆಯಿತು, ಕೋನ ತಾನೇ ಸಿಗುತ್ತದೆ. ಬಾಕಿ ಟಿಪ್ಪಣಿಯ ಮುಕ್ಕಾಲು ಪಾಲು ಚಾಕುವಿನ ಬೆನ್ನಿನ ಬಗ್ಗೆ. ಯಾಕೆಂದರೆ ಬೆಂಕಿಗೆ ಕಿಡಿ ಎಬ್ಬಿಸಲು ಫೆರೋ ರಾಡ್ ಎಂಬ ಕಡ್ಡಿಯನ್ನು ಹೆರೆಯುವುದು ಈ ಬೆನ್ನಿನಿಂದ, ಆದರೆ ಎಲ್ಲರೂ ಒಂದೇ ಸಾಲಿನಲ್ಲಿ "ಬೆನ್ನನ್ನು 90 ಡಿಗ್ರಿ ಮಾಡಿಕೊಳ್ಳಿ" ಅಂತ ಹೇಳಿ ಮುಂದೆ ಹೋಗುತ್ತಾರೆ. ಆ ಒಂದು ಸಾಲಿನೊಳಗೇ ಎಲ್ಲ ತೊಡಕೂ ಇದೆ.

ಕಿಡಿ ಎಲ್ಲಿಂದ ಬರುತ್ತದೆ?

ಇದನ್ನು ಮೊದಲು ತಲೆಯಲ್ಲಿ ಕೂರಿಸಿಕೊಳ್ಳಬೇಕು. ಫೆರೋ ರಾಡ್ ಅಂದರೆ ಸೀರಿಯಂ ಮತ್ತು ಅದರ ಬಳಗದ ಲೋಹಗಳಿಗೆ ಕಬ್ಬಿಣ ಬೆರೆಸಿದ ಕಡ್ಡಿ. ಈ ಮಿಶ್ರಲೋಹವನ್ನು 1903ರಲ್ಲಿ ಕಂಡುಹಿಡಿದವನು ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಚಕ್ರ ತಿರುಗಿಸಿ ಹಚ್ಚುವ ಸಿಗರೇಟ್ ಲೈಟರಿನೊಳಗಿನ ಪುಟ್ಟ ಕಲ್ಲೂ ಇದೇ. ಹೆರೆದಾಗ ಚೂರುಗಳು ಏಳುತ್ತವೆ. ತಿಕ್ಕಾಟದ ಬಿಸಿಗೆ ಅವು ಗಾಳಿಯಲ್ಲಿ ತಾವೇ ಹೊತ್ತಿಕೊಳ್ಳುತ್ತವೆ. ಅಂದರೆ ಉರಿಯುವುದು ರಾಡಿನ ಚೂರು, ಚಾಕುವಿನದಲ್ಲ.

ಹಳೇ ಕಾಲದ ಚಕಮಕಿಯಲ್ಲಿ ಇದು ತಿರುಗುಮುರುಗು. ಅಲ್ಲಿ ಕಲ್ಲು ಗಟ್ಟಿ. ಅದು ಉಕ್ಕಿನ ಚೂರನ್ನು ಎಬ್ಬಿಸುತ್ತದೆ, ಉರಿಯುವುದು ಉಕ್ಕು. ಅದಕ್ಕೆ ಕಾರ್ಬನ್ ಸ್ಟೀಲ್ ಬೇಕೇ ಬೇಕು. ಸ್ಟೇನ್‌ಲೆಸ್ ಅಲ್ಲಿ ನಡೆಯುವುದಿಲ್ಲ.

ಈ ಎರಡನ್ನು ಕಲಸಿಕೊಂಡಿದ್ದರಿಂದಲೇ "ಬೆಂಕಿ ಮಾಡಬೇಕೆಂದರೆ ಕಾರ್ಬನ್ ಸ್ಟೀಲ್ ಚಾಕುವೇ ಬೇಕು" ಎಂಬ ಮಾತು ಹುಟ್ಟಿದೆ. ಫೆರೋ ರಾಡಿಗೆ ಯಾವ ಉಕ್ಕಾದರೂ ನಡೆಯುತ್ತದೆ. ರಾಡಿಗಿಂತ ಗಟ್ಟಿ ಇರಬೇಕು, ಮೂಲೆ ಚೂಪಾಗಿರಬೇಕು, ಅಷ್ಟೇ ಷರತ್ತು. ಒಡೆದ ಗಾಜೂ ಕಿಡಿ ಎಬ್ಬಿಸುತ್ತದೆ. ಹಾಗಾಗಿ ಕರಾವಳಿ, ಮಲೆನಾಡಿನ ಮಳೆಯಲ್ಲಿ ಓಡಾಡುವವರು ಸ್ಟೇನ್‌ಲೆಸ್ ಕಂಪ್ಯಾನಿಯನ್ನೇ ತೆಗೆದುಕೊಳ್ಳಿ. ಕಾರ್ಬನ್ ಸ್ಟೀಲ್ ಆದರೆ ಬೆನ್ನು ಅರೆದ ಮೇಲೆ ಅಲ್ಲಿ ಬರಿ ಉಕ್ಕು ಕಾಣುತ್ತದೆ, ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಆಗ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಸವರಿಡಬೇಕು.

ಒಡೆದ ಗಾಜೇ ಸಾಕಾದರೆ, ಹ್ಯಾಕ್ಸಾ ಬ್ಲೇಡಿನ ತುಂಡೇ ಸಾಕಾದರೆ ಚಾಕುವನ್ನು ಯಾಕೆ ಅರೆಯಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ರಾಡಿನ ಜೊತೆಗೇ ಒಂದು ಲೋಹದ ಪಟ್ಟಿ ಬರುತ್ತದೆ, ಅದರಲ್ಲೂ ಕೆಲಸ ಆಗುತ್ತದೆ. ಆದರೆ ಅದು ಕಳೆದುಹೋಗುವ ವಸ್ತು. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ ಅನ್ನಿಸಿತು: ಚೌಕ ಬೆನ್ನು ಒಣ ಕಡ್ಡಿಯನ್ನು ಹತ್ತಿಯಷ್ಟು ನಯವಾಗಿ ಹೆರೆಯುತ್ತದೆ. ತೊಗಟೆಯ ನಾರು ಎಬ್ಬಿಸುತ್ತದೆ. ಮಳೆಯಲ್ಲಿ ಕಿಡಿಗಿಂತ ಕಿಡಿ ಹಿಡಿಯುವ ಪುಡಿ ಸಿಗುವುದೇ ಕಷ್ಟ ಅಲ್ವಾ? ಇದನ್ನೆಲ್ಲ ಚಾಕುವಿನ ಬಾಯಿಯಲ್ಲಿ ಮಾಡಿದರೆ ಹರಿತ ಹೋಗುತ್ತದೆ. ರಾಡನ್ನಂತೂ ಬಾಯಿಯಿಂದ ಯಾವತ್ತೂ ಹೆರೆಯಬಾರದು.

90 ಡಿಗ್ರಿ ಅಂದರೆ ನಿಜವಾಗಿ ಏನು

ಕಂಪ್ಯಾನಿಯನ್ ಚಾಕುವಿನ ಬೆನ್ನಿನ ಮೂಲೆಗಳು ಕಾರ್ಖಾನೆಯಿಂದಲೇ ದುಂಡಗೆ ಬರುತ್ತವೆ. ಹೆಬ್ಬೆರಳು ಇಟ್ಟು ಒತ್ತುವುದಕ್ಕೆ ಅದು ಸುಖ. ರಾಡಿನ ಮೇಲೆ ಮಾತ್ರ ಜಾರುತ್ತದೆ. ಇದೇ ಕಂಪನಿಯ ಗಾರ್ಬರ್ಗ್ ಎಂಬ ಚಾಕುವಿನಲ್ಲಿ ಬೆನ್ನು ಚೌಕವಾಗಿಯೇ ಬರುತ್ತದೆ, ಆದರೆ ಬೆಲೆ ಹಲವು ಪಟ್ಟು.

ಈಗ ಲೆಕ್ಕ ನೋಡಿ. ಮೂಲೆ ಅಂದರೆ ಎರಡು ಮುಖ ಸೇರುವ ಜಾಗ. ಒಂದು ಮುಖ ಅಲಗಿನ ಪಕ್ಕ, ಇನ್ನೊಂದು ಬೆನ್ನಿನ ಮೇಲ್ಭಾಗ. ಪಕ್ಕದ ಮುಖ ಆಗಲೇ ಸಮತಟ್ಟಾಗಿದೆ. ಹಾಗಾದರೆ ನಾವು ಮುಟ್ಟಬೇಕಾದ್ದು ಮೇಲ್ಭಾಗವನ್ನು ಮಾತ್ರ. ಎಷ್ಟು ಅರೆಯಬೇಕು? ದುಂಡಗಿನ ಭಾಗ ಪಕ್ಕದಲ್ಲಿ ಎಷ್ಟು ಕೆಳಗಿನ ತನಕ ಇಳಿದಿದೆಯೋ ಅಷ್ಟು. ದುಂಡು ಅರ್ಧ ಮಿಲಿಮೀಟರ್ ಇದ್ದರೆ ಬೆನ್ನೂ ಅರ್ಧ ಮಿಲಿಮೀಟರ್ ಇಳಿಯಬೇಕು. ಅದಕ್ಕಿಂತ ಕಡಿಮೆ ಅರೆದರೆ ಮೇಲ್ಭಾಗ ಫಳಫಳ ಹೊಳೆಯುತ್ತದೆ, ಮೂಲೆಯಲ್ಲಿ ಮಾತ್ರ ಹಳೇ ದುಂಡಿನ ಚೂರು ಉಳಿದಿರುತ್ತದೆ. ನೋಡುವುದಕ್ಕೆ ಚೌಕ, ಕೆಲಸಕ್ಕೆ ಬಾರದು.

ಎರಡನೇ ತೊಡಕು ಅರ ಹಿಡಿದ ಕೈಯದು. ಬರಿ ಕೈಯಲ್ಲಿ ಅರ ಹಾಕಿದರೆ ಅದು ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಬೆನ್ನು ಉಬ್ಬಿಕೊಳ್ಳುತ್ತದೆ. ಆಗ ಎರಡೂ ಮೂಲೆ 90 ದಾಟಿ 100, 110ಕ್ಕೆ ಹೋಗುತ್ತವೆ, ಮತ್ತೆ ಜಾರುತ್ತವೆ. ಒಂದೇ ಕಡೆ ವಾಲಿಸಿ ಅರೆದರೆ ಒಂದು ಮೂಲೆ 80 ಆಗುತ್ತದೆ, ಎದುರಿನದು 100. 80ರ ಮೂಲೆ ಚೆನ್ನಾಗಿ ಕಚ್ಚುತ್ತದೆ, ಒಪ್ಪೋಣ. ಆದರೆ ಬೇಗ ಸವೆಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ನನ್ನ ಮಟ್ಟಿಗೆ 90 ಸಾಕು.

ಇದಕ್ಕೆ ನನಗೆ ಒಪ್ಪಿದ ದಾರಿ ಹೀಗಿದೆ. ಮೊದಲು ಚಾಕುವಿನ ಬಾಯಿಗೆ ದಪ್ಪ ಟೇಪು ಸುತ್ತಿ. ಇದನ್ನು ಬಿಡಲೇಬೇಡಿ. ಒಂದೇ ದಪ್ಪದ, ಅಂಚು ನೇರವಾಗಿರುವ ಎರಡು ಮರದ ತುಂಡು ತೆಗೆದುಕೊಳ್ಳಿ. ಅಲಗನ್ನು ಅವುಗಳ ನಡುವೆ ಇಟ್ಟು, ಬೆನ್ನು ಕೂದಲೆಳೆಯಷ್ಟು ಮಾತ್ರ ಹೊರಗೆ ಕಾಣುವ ಹಾಗೆ ವೈಸಿನಲ್ಲಿ ಬಿಗಿಯಿರಿ. ಬೆನ್ನಿಗೆ ಪರ್ಮನೆಂಟ್ ಮಾರ್ಕರ್ ಬಳಿಯಿರಿ. ಮೂಲೆಯ ದುಂಡಿಗೂ ಬಳಿಯಬೇಕು. ಈಗ ಅರವನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಬೆನ್ನಿನ ಉದ್ದಕ್ಕೆ ಎಳೆಯಿರಿ. ಮರದ ಅಂಚೇ ಮಟ್ಟ ಹೇಳುತ್ತದೆ. ಅರ ವಾಲಿದರೆ ಒಂದು ಮರ ಮೊದಲು ಸವೆಯುತ್ತದೆ, ಕಣ್ಣಿಗೆ ಕಾಣುತ್ತದೆ.

ಮಾರ್ಕರ್ ನನ್ನ ಅಚ್ಚುಮೆಚ್ಚಿನ ಉಪಾಯ. ಬಣ್ಣ ಉಳಿದ ಕಡೆ ಅರ ಮುಟ್ಟಿಲ್ಲ ಅಂತ ಅರ್ಥ. ನಡುವೆ ಬಣ್ಣ ಹೋಗಿ ಮೂಲೆಯಲ್ಲಿ ಕಪ್ಪು ಗೆರೆ ಉಳಿದಿದ್ದರೆ ಇನ್ನೂ ಇಳಿಯಬೇಕು. ಎರಡೂ ಮೂಲೆಯ ಕಪ್ಪು ಗೆರೆ ಹೋದ ಕ್ಷಣವೇ ನಿಲ್ಲಿಸಿ. ಅಳತೆ ಪಟ್ಟಿ ಬೇಡ, ಕಣ್ಣಂದಾಜೂ ಬೇಡ.

ಚಾಕುವಿನ ಉಕ್ಕು ರಾಕ್‌ವೆಲ್ ಅಳತೆಯಲ್ಲಿ 56ರಿಂದ 58ರಷ್ಟು ಗಟ್ಟಿ. ಒಳ್ಳೆಯ ಅರ ಅದಕ್ಕಿಂತ ಗಟ್ಟಿ ಇರುತ್ತದೆ, ಆದರೆ ಅಂತರ ಕಡಿಮೆ. ಹಾಗಾಗಿ ನಿಧಾನ. ಹಳೇ ಮೊಂಡು ಅರ ಬರಿ ಕಿರುಗುಟ್ಟುತ್ತದೆ. ಆಗ 120 ನಂಬರಿನ ಎಮರಿ ಪೇಪರನ್ನು ನೇರ ಪಟ್ಟಿಗೆ ಅಂಟಿಸಿ ಅರದ ಬದಲು ಅದನ್ನೇ ಎಳೆಯಬಹುದು.

ಕರೆಂಟಿನಲ್ಲಿ ತಿರುಗುವ ಸಾಣೆ ಚಕ್ರ, ಅಂದರೆ ಗ್ರೈಂಡರ್, ಬೇಡವೇ ಬೇಡ. ಚಾಕುವಿನ ಉಕ್ಕಿಗೆ ಸಾಮಾನ್ಯವಾಗಿ 150ರಿಂದ 250 ಡಿಗ್ರಿ ಸೆಲ್ಸಿಯಸ್ ನಡುವೆ ಹದ ಕೊಟ್ಟಿರುತ್ತಾರೆ. ಅದನ್ನು ದಾಟಿ ಕಾದರೆ ಹದ ಹೋಗಿ ಉಕ್ಕು ಮೆತ್ತಗಾಗುತ್ತದೆ. ಬೆನ್ನು ಕಾದರೆ ಬಾಯಿಗೇನು ಅಂತ ಕೇಳಬಹುದು. ಅಲಗಿನ ಅಗಲವೇ ಎರಡು ಸೆಂಟಿಮೀಟರ್ ಚಿಲ್ಲರೆ. ಬಿಸಿ ಅಲ್ಲಿಗೆ ಹರಿಯುವುದಕ್ಕೆ ಹೊತ್ತು ಬೇಕಿಲ್ಲ. ಆದರೂ ಗ್ರೈಂಡರ್ ಹಿಡಿದವರು, ಬರಿ ಬೆರಳು ತಾಳದಷ್ಟು ಬಿಸಿಯಾದರೆ ನೀರಲ್ಲಿ ಅದ್ದಿ. ಕೈ ಅರದಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ.

ಇನ್ನು ಕೊನೆಯ ಮೋಸ. ಅರ ಮುಗಿದ ಕೂಡಲೇ ರಾಡಿಗೆ ಹಚ್ಚಿ ನೋಡಿದರೆ ಕಿಡಿಯ ಮಳೆ! ಆದರೆ ಅದನ್ನು ಎಬ್ಬಿಸಿದ್ದು ಮೂಲೆಯಲ್ಲ. ಅರೆಯುವಾಗ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಲೋಹದ ಎಸಳು ಪಕ್ಕಕ್ಕೆ ಮಡಚಿಕೊಂಡಿರುತ್ತದೆ, ರಾಡನ್ನು ಹೆರೆದದ್ದು ಅದು. ನಾಲ್ಕು ಸಲ ಹೆರೆದರೆ ಎಸಳು ಮುರಿಯುತ್ತದೆ, ಕಿಡಿಯೂ ನಿಲ್ಲುತ್ತದೆ. ಅದಕ್ಕೆ ಪರೀಕ್ಷೆಗೆ ಮುಂಚೆ ಅಲಗಿನ ಪಕ್ಕವನ್ನು ನಯವಾದ ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಹಗುರವಾಗಿ ಎಳೆದು ಎಸಳು ತೆಗೆಯಿರಿ. ಆಮೇಲೆ ಪ್ಲಾಸ್ಟಿಕ್ ಪೆನ್ನಿನ ಮೈಯನ್ನು ಹೆರೆದು ನೋಡಿ. ಸುರುಳಿ ಸುರುಳಿಯಾಗಿ ಎದ್ದರೆ ಮೂಲೆ ನಿಜವಾಗಿ ಆಗಿದೆ. ಜಾರಿದರೆ ಮತ್ತೆ ಮಾರ್ಕರ್, ಮತ್ತೆ ಅರ.

ಬೆನ್ನಿನ ಪೂರ್ತಿ ಉದ್ದ ಅರೆಯಬೇಕಿಲ್ಲ. ಹೆಬ್ಬೆರಳು ಕೂರುವ ಜಾಗ, ಅಂದರೆ ಹಿಡಿಯ ಪಕ್ಕದ ಒಂದಿಂಚು, ಹಾಗೇ ದುಂಡಗಿರಲಿ. ಅದರಾಚೆ ಎರಡಿಂಚು ಚೌಕವಾದರೆ ಸಾಕು.

ಹಚ್ಚುವಾಗ ಚಾಕುವನ್ನು ಮುಂದೆ ತಳ್ಳಬೇಡಿ. ತಳ್ಳಿದರೆ ಕೈ ಹೋಗಿ ಕಿಡಿ ಹಿಡಿಯಲು ಇಟ್ಟ ಹತ್ತಿಗೆ ಬಡಿದು ಎಲ್ಲ ಚೆದುರುತ್ತದೆ. ಚಾಕು ಹತ್ತಿಯ ಪಕ್ಕ ಅಲ್ಲಾಡದೆ ನಿಲ್ಲಲಿ. ರಾಡನ್ನು ಹಿಂದಕ್ಕೆ ಎಳೆಯಿರಿ, ನಿಧಾನವಾಗಿ, ಒತ್ತಿ. ಹೊಸ ರಾಡಿನ ಮೇಲೆ ಕಪ್ಪು ಲೇಪ ಇರುತ್ತದೆ, ಅದನ್ನು ಮೊದಲು ಕೆರೆದು ತೆಗೆಯಬೇಕು.

ಒರೆ

ಸೈಕಲ್ ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಸುಮ್ನೆ ಕೊಡುತ್ತಾರೆ. ಎರಡು ಬೆರಳಗಲಕ್ಕೆ ಬಳೆ ಬಳೆಯಾಗಿ ಕತ್ತರಿಸಿ ಒರೆಗೆ ಹಾಕಿ. ಫೆರೋ ರಾಡ್ ಅದರೊಳಗೆ ಬಿಗಿಯಾಗಿ ನಿಲ್ಲುತ್ತದೆ. ಮಳೆಯಲ್ಲಿ ಇದೇ ರಬ್ಬರಿನ ಚೂರು ಹೊಗೆ ಉಗುಳುತ್ತಾ ಉರಿಯುತ್ತದೆ, ಒದ್ದೆ ಕಡ್ಡಿಯನ್ನು ಹೊತ್ತಿಸುತ್ತದೆ. ಒರೆಯ ಬುಡಕ್ಕೆ ಒಂದೆರಡು ಮೀಟರ್ 550 ಪ್ಯಾರಾಕಾರ್ಡ್ ಎಂಬ ತೆಳು ನೈಲಾನ್ ಹುರಿ ಸುತ್ತಬಹುದು. 550 ಅನ್ನುವುದು ಅದರ ತಾಕತ್ತು, ಪೌಂಡಿನಲ್ಲಿ. ಸುಮಾರು 250 ಕೆಜಿ ಆಯಿತು. ಒಳಗೆ ಏಳು ಎಳೆ ಇರುತ್ತವೆ, ಬಿಡಿಸಿ ದಾರದಂತೆ ಬಳಸಬಹುದು. ಆದರೆ ಇದು ಬೆಟ್ಟ ಹತ್ತುವ ಹಗ್ಗ ಅಲ್ಲ.

ಡಬ್ಬಿ

ಜೇಬಿಗೆ ಹಿಡಿಸುವ, ಮುಚ್ಚಳ ಬಿಗಿ ಇರುವ ತಗಡಿನ ಡಬ್ಬಿ ಯಾವುದಾದರೂ ಆದೀತು. ಮೊದಲ ಜಾಗ ವ್ಯಾಸಲೀನ್ ಹತ್ತಿಗೆ. ಹತ್ತಿ ಉಂಡೆಗೆ ವ್ಯಾಸಲೀನ್ ತಿಕ್ಕಿ, ನಡುಭಾಗ ಒಣಗಿರಲಿ. ಹಚ್ಚುವಾಗ ಉಂಡೆಯನ್ನು ಹಿಂಜಿ ಒಳಗಿನ ಒಣ ನಾರು ಹೊರಗೆ ತರಬೇಕು. ಕಿಡಿ ಹಿಡಿಯುವುದು ಆ ನಾರು, ಕೆಲವು ನಿಮಿಷ ಉರಿಸುವುದು ವ್ಯಾಸಲೀನ್. ಹಿಂಜದೆ ಜಿಡ್ಡಿನ ಮೇಲೆ ಎಷ್ಟು ಕಿಡಿ ಸುರಿದರೂ ಹತ್ತುವುದಿಲ್ಲ. ಕರ್ಪೂರ ಇಡುತ್ತೇನೆ ಅನ್ನುವವರು ಗಾಳಿಯಾಡದ ಡಬ್ಬಿ ನೋಡಿಕೊಳ್ಳಿ. ಇಲ್ಲದಿದ್ದರೆ ಅದು ಆವಿಯಾಗಿ ಖಾಲಿ ಕಾಗದ ಉಳಿಯುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಓಆರ್‌ಎಸ್ ಪೊಟ್ಟಣ, ಒಂದು ಲೀಟರ್ ನೀರಿನ ಅಳತೆಯದ್ದು. ಕ್ಲೋರಿನ್ ಮಾತ್ರೆ; ಕಲಕು ನೀರಾದರೆ ಮೊದಲು ಬಟ್ಟೆಯಲ್ಲಿ ಸೋಸಿ, ಎಷ್ಟು ನೀರಿಗೆ, ಎಷ್ಟು ಹೊತ್ತು ಅನ್ನುವುದನ್ನು ಮಾತ್ರೆಯ ಹಾಳೆ ನೋಡಿ ಮಾಡಿ. ಸೀಟಿ, ಮೂರು ಸಲ ಊದಿ ನಿಲ್ಲಿಸಿ ಮತ್ತೆ ಮೂರು ಸಲ. ಕೂಗಿದರೆ ಗಂಟಲು ಹೋಗುತ್ತದೆ, ಸೀಟಿಗೆ ಹೋಗುವುದಿಲ್ಲ. ಪುಟ್ಟ ಟಾರ್ಚ್, ಸೂಜಿ, ಪಿನ್ನು, ಬ್ಯಾಂಡೇಜ್. ಜಿಗಣೆಗೆ ಉಪ್ಪು. ಸಿಗ್ನಲ್ ಸಿಕ್ಕರೆ 112.

ಹಳೇ ಕಾಲದ ಕಿಟ್‌ಗಳಲ್ಲಿ ಹಾವು ಕಚ್ಚಿದರೆ ಕೊಯ್ಯುವುದಕ್ಕೆ ಅಂತಲೇ ಒಂದು ಬ್ಲೇಡ್ ಇರುತ್ತಿತ್ತು. ಅದನ್ನು ಮಾಡಲೇಬಾರದು. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ಬೇಡ. ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ಔಷಧ ಇರುವುದು ಅಲ್ಲಿ.

ನಮ್ಮ ಕಾಡಿಗೆ ಯಾವುದು ಬೇಡ

ವಿದೇಶದ ಪಟ್ಟಿಗಳಲ್ಲಿ ಗಾಳ, ಉರುಲಿನ ತಂತಿ ಕಡ್ಡಾಯ ಎಂಬಂತೆ ಇರುತ್ತವೆ. ಇಲ್ಲಿ ಅವನ್ನು ತೆಗೆದುಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಎಂಬ ವಿವರಣೆಯೊಳಗೇ ಗಾಳ, ಚಾಕು, ಬಲೆ, ಉರುಲು ಎಲ್ಲ ಬರುತ್ತವೆ. ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಆಯುಧ ಒಯ್ಯುವ ಹಾಗಿಲ್ಲ. ಅಪಾಯವಾಗುವಂತೆ ಬೆಂಕಿ ಹಾಕುವುದೂ ಅಪರಾಧ. ಕುಮಾರ ಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಅಂಥ ಕಡೆ ಹೋಗುವಾಗ ಚಾಕು ಮತ್ತು ರಾಡ್ ಮನೆಯಲ್ಲಿರಲಿ, ಡಬ್ಬಿಯ ಬಾಕಿ ಸಾಮಾನು ಜೊತೆಗಿರಲಿ. ಆಯುಧ ಕಾಯ್ದೆಯ 9 ಇಂಚು ಉದ್ದ, 2 ಇಂಚು ಅಗಲದ ಮಿತಿಯೊಳಗೆ ಕಂಪ್ಯಾನಿಯನ್ ಆರಾಮಾಗಿ ಬರುತ್ತದೆ ಅನ್ನುವುದು ಬೇರೆ ವಿಷಯ. ಆ ಲೆಕ್ಕ ಅರಣ್ಯದ ಗೇಟಿನಲ್ಲಿ ನಡೆಯುವುದಿಲ್ಲ. ಚಾಕು, ರಾಡಿನ ಅಭ್ಯಾಸಕ್ಕೆ ನಮ್ಮದೇ ತೋಟ, ಹಿತ್ತಿಲು ಸಾಕು.

ಮನೆಯಲ್ಲಿ ಬಿಟ್ಟ ರಾಡನ್ನು ಮಳೆಗಾಲದಲ್ಲಿ ಆಗಾಗ ನೋಡುತ್ತಿರಿ. ಕೆರೆದ ಜಾಗಕ್ಕೆ ತೇವ ತಗುಲಿದರೆ ಬೂದಿಯಂಥ ಪುಡಿ ಏಳುತ್ತದೆ, ಉಪ್ಪುಗಾಳಿ ಇದ್ದರೆ ಇನ್ನೂ ಬೇಗ. ಆ ಜಾಗಕ್ಕೆ ಉಗುರು ಬಣ್ಣ ಒಂದು ಸಲ ಬಳಿದರೆ ಸಾಕು. ಬೇಕಾದಾಗ ಚಾಕುವಿನ ಬೆನ್ನಿನಿಂದಲೇ ಕೆರೆದು ತೆಗೆಯಬಹುದು.